ಮೋಟಾರ್ ಸೈಕಲ್ ಸರಪಣಿಯ ಶುಚಿತ್ವ ಮತ್ತು ಕೀಲೆಣ್ಣೆ: ಒಂದು ಚಾರಿತ್ರಿಕ ವಿವೇಚನೆ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಆವಿಷ್ಕಾರಗಳ ಚರಿತ್ರೆಯನ್ನೇ ಬರೆಯುತ್ತಾರೆ. ಹೊಸ ಸಾಧನವೊಂದನ್ನು ಯಾರು, ಯಾವ ವರ್ಷದಲ್ಲಿ, ಎಲ್ಲಿ ನಿರ್ಮಿಸಿದರೆಂಬುದೇ ಅವರಿಗೆ ಮುಖ್ಯವಾಗುತ್ತದೆ. ಆ ಸಾಧನವನ್ನು ಮರುದಿನದಿಂದ ಒರೆಸಿ, ಎಣ್ಣೆಯಿಟ್ಟು, ಸವೆದುದನ್ನು ಬದಲಿಸಿ ನಡೆಸಿಕೊಂಡು ಬಂದವರ ದುಡಿಮೆಯು ಗ್ರಂಥಗಳಲ್ಲಿ ವಿರಳವಾಗಿಯೇ ಕಾಣಿಸಿಕೊಳ್ಳುತ್ತದೆ. ಬ್ರಿಟಿಷ್ ಇತಿಹಾಸಕಾರ ಡೇವಿಡ್ ಎಡ್ಜರ್ಟನ್ 2006ರಲ್ಲಿ ಪ್ರಕಟವಾದ ‘ದಿ ಶಾಕ್ ಆಫ್ ದಿ ಓಲ್ಡ್’ ಎಂಬ ಗ್ರಂಥದಲ್ಲಿ ಈ ಕೊರತೆಯ ಕಡೆಗೆ ವಿದ್ವಾಂಸರ ಗಮನವನ್ನು ಸೆಳೆದರು. ಮೋಟಾರ್ ಸೈಕಲ್ಲಿನ ಸರಪಣಿಯಂತಹ ಅಲ್ಪವಸ್ತುವೂ ಈ ದೃಷ್ಟಿಯಿಂದ ಪರಿಶೀಲನೆಗೆ ಅರ್ಹವಾಗಿದೆ. ಸರಪಣಿಯ ರಚನೆಯಲ್ಲಿ ಕಾಲಕಾಲಕ್ಕೆ ಆದ ಮಾರ್ಪಾಡುಗಳನ್ನು ಕೂಡಿಸಿ ನೋಡಿದರೆ, ಅವುಗಳಲ್ಲಿ ಬಹುಪಾಲು ಒಂದೇ ಪ್ರಶ್ನೆಗೆ ಕೊಟ್ಟ ಬೇರೆ ಬೇರೆ ಉತ್ತರಗಳೆಂದು ತೋರುತ್ತದೆ. ಕೀಲಿಗೆ ಎಣ್ಣೆಯನ್ನು ತಲುಪಿಸುವ ಹೊಣೆ ಯಾರದು ಎಂಬುದೇ ಆ ಪ್ರಶ್ನೆ.

ಮೊದಲು ಸರಪಣಿಯ ಸ್ವರೂಪವನ್ನು ತಿಳಿಯುವುದು ಅವಶ್ಯಕ. ಅದರ ಪ್ರತಿಯೊಂದು ಕೊಂಡಿಯಲ್ಲಿಯೂ ಒಂದು ಕೀಲು, ಅದನ್ನು ಸುತ್ತಿದ ಬುಷ್ ಎಂಬ ಕೊಳವೆ, ಅದರ ಮೇಲೆ ತಿರುಗುವ ಉರುಳೆ, ಪಕ್ಕಗಳಲ್ಲಿ ತಗಡುಗಳು ಇರುತ್ತವೆ. ಸರಪಣಿಯು ಹಲ್ಲುಚಕ್ರವನ್ನು ಹತ್ತಿ ಇಳಿಯುವಾಗಲೆಲ್ಲ ಕೀಲು ಬುಷ್‌ನೊಳಗೆ ಸ್ವಲ್ಪ ತಿರುಗುತ್ತದೆ. ‘ಚೈನು ಎಳೆದುಕೊಂಡಿದೆ’ ಎಂದು ಜನರು ಹೇಳುವುದುಂಟಷ್ಟೆ. ವಾಸ್ತವವಾಗಿ ತಗಡುಗಳು ಹಿಗ್ಗುವುದಿಲ್ಲ. ಕೀಲು ಮತ್ತು ಬುಷ್ ಸವೆಯುತ್ತವೆ. ಕೊಂಡಿಯೊಂದು 15.875 ಮಿಲಿಮೀಟರು ಉದ್ದವಿರುವ, 100 ಕೊಂಡಿಗಳ ಸರಪಣಿಯನ್ನು ತೆಗೆದುಕೊಳ್ಳೋಣ. ಒಂದೊಂದು ಕೀಲಿನಲ್ಲಿ 0.32 ಮಿಲಿಮೀಟರಿನಷ್ಟು ಸವೆತವಾದರೆ ಒಟ್ಟು ಉದ್ದವು 32 ಮಿಲಿಮೀಟರು, ಎಂದರೆ ಶೇಕಡ 2ರಷ್ಟು ಹೆಚ್ಚುತ್ತದೆ. ಅಡಿಗೆ ಕಾಲು ಅಂಗುಲ ಬೆಳೆದ ಸರಪಣಿಯನ್ನು ತೆಗೆದುಹಾಕಬೇಕೆಂಬ ಹಳೆಯ ನಿಯಮವೂ ಇದೇ ಪ್ರಮಾಣವನ್ನು ಸೂಚಿಸುತ್ತದೆ. ಸವಾರನ ಕಣ್ಣಿಗೆ ಕಾಣುವುದು ಸರಪಣಿಯ ಹೊರಮೈ. ಆದರೆ ಎಣ್ಣೆ ಬೇಕಾದುದು ಕಣ್ಣಿಗೆ ಕಾಣದ ಒಳಮೈಗೆ. ಈ ವೈಷಮ್ಯವೇ ಮುಂದಿನ ಸಮಸ್ತ ಪ್ರಯತ್ನಗಳಿಗೂ ಮೂಲವಾಯಿತು.

ಬುಷ್ ಇರುವ ಉರುಳೆ ಸರಪಣಿಯು ಹುಟ್ಟಿದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪ್ರಾಂತದಲ್ಲಿ. ಸಾಲ್ಫರ್ಡಿನ ಜೇಮ್ಸ್ ಸ್ಲೇಟರ್ 1864ರಲ್ಲಿ ಒಂದು ಬಗೆಯ ಸರಪಣಿಗೆ ಪೇಟೆಂಟ್ ಪಡೆದಿದ್ದನು. ಆ ಸರಪಣಿಯಲ್ಲಿ ಕೀಲಿನ ಭಾರವು ತಗಡುಗಳ ಕಿರಿದಾದ ಅಂಚಿನ ಮೇಲೆ ಬೀಳುತ್ತಿದ್ದುದರಿಂದ ಸವೆತವು ಶೀಘ್ರವಾಗಿತ್ತು. ಸ್ವಿಟ್ಜರ್ಲೆಂಡಿನಿಂದ ಬಂದು ಮ್ಯಾಂಚೆಸ್ಟರಿನಲ್ಲಿ ನೆಲೆಸಿದ ಹ್ಯಾನ್ಸ್ ರೆನಾಲ್ಡ್ 1879ರಲ್ಲಿ ಸ್ಲೇಟರನ ಉದ್ಯಮವನ್ನು ಕೊಂಡು, ಮರುವರ್ಷ ಬುಷ್ ಸೇರಿಸಿದ ಉರುಳೆ ಸರಪಣಿಗೆ ಪೇಟೆಂಟ್ ಪಡೆದನು. ಭಾರವು ಬುಷ್‌ನ ಉದ್ದಕ್ಕೂ ಹರಡಿತು; ಎಣ್ಣೆ ನಿಲ್ಲಲು ಸ್ಥಳವೂ ದೊರೆಯಿತು. ಜವಳಿಯಂತ್ರಗಳಿಗೆಂದು ತಯಾರಾಗುತ್ತಿದ್ದ ಸರಪಣಿಯು ಬೈಸಿಕಲ್ಲಿನ ಮೂಲಕ ಮೋಟಾರ್ ಸೈಕಲ್ಲನ್ನು ಸೇರಿತು.

ಎಣ್ಣೆಯ ಪದರವು ಭಾರವನ್ನು ಹೇಗೆ ಹೊರುತ್ತದೆಂಬ ಶಾಸ್ತ್ರವೂ ಅದೇ ಕಾಲದಲ್ಲಿ ರೂಪುಗೊಂಡುದು ಗಮನಾರ್ಹ. ಬೋಷಾಂಪ್ ಟವರ್ 1883ರಲ್ಲಿ ಪ್ರಕಟಿಸಿದ ಪ್ರಯೋಗಗಳನ್ನು ಆಧರಿಸಿ, ಮ್ಯಾಂಚೆಸ್ಟರಿನ ಓವೆನ್ಸ್ ಕಾಲೇಜಿನಲ್ಲಿ ಪ್ರಾಧ್ಯಾಪಕನಾಗಿದ್ದ ಆಸ್ಬಾರ್ನ್ ರೆನಾಲ್ಡ್ಸ್ 1886ರಲ್ಲಿ ಅದರ ಗಣಿತವನ್ನು ನಿರೂಪಿಸಿದನು. ಆದರೆ ಆತನ ಸಿದ್ಧಾಂತಕ್ಕೆ ನಿರಂತರವಾಗಿ ತಿರುಗುವ ಅಚ್ಚು ಬೇಕು. ಸರಪಣಿಯ ಕೀಲಾದರೋ ತುಸು ತಿರುಗಿ ನಿಂತು ಮತ್ತೆ ಹಿಂದಿರುಗುತ್ತದೆ. ಅಲ್ಲಿ ಎಣ್ಣೆಯ ಪದರವು ಸುಲಭವಾಗಿ ನಿಲ್ಲದು. ಆದುದರಿಂದ ಶಾಸ್ತ್ರವು ಬೆಳೆದರೂ ಕೈಕೆಲಸವು ತಪ್ಪಲಿಲ್ಲ.

ಆರಂಭದ ಅನೇಕ ಮೋಟಾರ್ ಸೈಕಲ್ಲುಗಳಿಗೆ ಸರಪಣಿಯ ಬದಲು ಪಟ್ಟಿ ಇರುತ್ತಿತ್ತು. ಪಟ್ಟಿಗೆ ಕೀಲೆಣ್ಣೆಯ ತೊಂದರೆಯಿರಲಿಲ್ಲ. ಆದರೆ ಮಳೆಯಲ್ಲಿಯೂ ಏರುದಾರಿಯಲ್ಲಿಯೂ ಅದು ಜಾರುತ್ತಿತ್ತು. 1911ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದ ಬೆಟ್ಟದ ದಾರಿಯಲ್ಲಿ ನಡೆದ ಸೀನಿಯರ್ ಟಿ.ಟಿ. ಪಂದ್ಯದಲ್ಲಿ ಸರಪಣಿಯಿಂದ ನಡೆಯುವ ಅಮೆರಿಕದ ಇಂಡಿಯನ್ ವಾಹನಗಳು ಮೊದಲ ಮೂರು ಸ್ಥಾನಗಳನ್ನು ಗಳಿಸಿದವು. ಅನಂತರದ ವರ್ಷಗಳಲ್ಲಿ ಪಟ್ಟಿಯು ಕ್ರಮೇಣ ಹಿಂದೆ ಸರಿಯಿತು. ಸರಪಣಿಯನ್ನು ಸ್ವೀಕರಿಸಿದ ಸವಾರನು ಅದರೊಡನೆ ಒಂದು ನಿತ್ಯಕರ್ಮವನ್ನೂ ಸ್ವೀಕರಿಸಿದಂತಾಯಿತು. ಸರಪಣಿಯನ್ನು ಕಳಚಿ, ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಕರಗಿಸಿದ ಪಶುಕೊಬ್ಬಿಗೆ ಗ್ರಾಫೈಟ್ ಪುಡಿಯನ್ನು ಬೆರೆಸಿ ಅದರಲ್ಲಿ ನೆನೆಯಿಡುವುದೇ ಆ ಕಾಲದ ಪದ್ಧತಿ. ಬಿಸಿಯಾದ ಕೊಬ್ಬು ಕೀಲಿನೊಳಗೆ ಇಳಿದು, ತಣಿದಾಗ ಅಲ್ಲಿಯೇ ಹೆಪ್ಪುಗಟ್ಟುತ್ತಿತ್ತು. ಹೊರಮೈಯ ಜಿಡ್ಡನ್ನು ಒರೆಸದೆ ಬಿಟ್ಟರೆ ಅದು ರಸ್ತೆಯ ಧೂಳಿನೊಡನೆ ಕೂಡಿ ಸಾಣೆಯ ಕಲ್ಲಿನಂತೆ ಸರಪಣಿಯನ್ನೇ ಉಜ್ಜುತ್ತದೆ. ಆದಕಾರಣ ಶುಚಿಗೊಳಿಸುವುದಕ್ಕೂ ಎಣ್ಣೆಯಿಡುವುದಕ್ಕೂ ಸಮಾನವಾದ ಪ್ರಾಶಸ್ತ್ಯವಿತ್ತು.

ಈ ಶ್ರಮವನ್ನು ತಗ್ಗಿಸುವ ಮೊದಲ ಮಾರ್ಗವೆಂದರೆ ಧೂಳೇ ಸೇರದಂತೆ ಸರಪಣಿಯನ್ನು ಮುಚ್ಚುವುದು. ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಜಾನ್ ಮಾರ್ಸ್ಟನ್ ತಯಾರಿಸುತ್ತಿದ್ದ ಸನ್‌ಬೀಮ್ ಬೈಸಿಕಲ್ಲುಗಳಲ್ಲಿಯೂ, 1912ರಿಂದ ಅದೇ ಹೆಸರಿನ ಮೋಟಾರ್ ಸೈಕಲ್ಲುಗಳಲ್ಲಿಯೂ ಸರಪಣಿಯು ಎಣ್ಣೆಯಿರುವ ಮುಚ್ಚುಪೆಟ್ಟಿಗೆಯೊಳಗೆ ತಿರುಗುತ್ತಿತ್ತು. ಹೀಗೆ ಮುಚ್ಚುವ ಕ್ರಮವು ಮುಂದೆ ಬೇರೆ ತಯಾರಿಕೆಗಳ ಮೂಲಕ ನಮ್ಮ ನಾಡನ್ನೂ ತಲುಪಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ, ಅಂದಿನ ಚೆಕೊಸ್ಲೊವಾಕಿಯದ ಜಾವಾ ಸಂಸ್ಥೆಯ ಪರವಾನಗಿಯ ಮೇರೆಗೆ ತಯಾರಾದ ಜಾವಾ ವಾಹನಗಳ ಹಿಂದಿನ ಸರಪಣಿಯು ಪೂರ್ಣವಾಗಿ ಮುಚ್ಚಲ್ಪಟ್ಟಿತ್ತು. 1955ರಲ್ಲಿ ಮದರಾಸಿನಲ್ಲಿ ಆರಂಭವಾದ ಎನ್‌ಫೀಲ್ಡ್ ಇಂಡಿಯಾದ ಬುಲೆಟ್ಟಿನಲ್ಲಿ ಸರಪಣಿಯ ಮೇಲ್ಭಾಗಕ್ಕೆ ಮಾತ್ರ ಹೊದಿಕೆಯಿತ್ತು. ಒಂದೇ ಮಣ್ಣಿನ ರಸ್ತೆಯಲ್ಲಿ ಓಡಿದ ಈ ಎರಡು ವಾಹನಗಳು ತಮ್ಮ ಒಡೆಯರಿಂದ ಬೇರೆ ಬೇರೆ ಪ್ರಮಾಣದ ಗಮನವನ್ನು ಬಯಸುತ್ತಿದ್ದವು. ಮೈಸೂರಿನ ಕಾರ್ಖಾನೆಯು 1996ರಲ್ಲಿ ಮುಚ್ಚಿತು.

ಎರಡನೆಯ ಮಾರ್ಗವು ಎಂಜಿನ್ನಿಗೇ ಹೊಣೆಯನ್ನು ವಹಿಸುವುದು. 1969ರ ಹೋಂಡಾ ಸಿ.ಬಿ. 750 ವಾಹನದಲ್ಲಿ ಎಂಜಿನ್ನಿನ ಎಣ್ಣೆಯೇ ಮುಂದಿನ ಹಲ್ಲುಚಕ್ರದ ಮೂಲಕ ಸರಪಣಿಗೆ ಒಸರುತ್ತಿತ್ತು. ಮೂರನೆಯದು ಕಾರ್ಖಾನೆಯೇ ಹೊಣೆ ಹೊರುವ ಮಾರ್ಗ. 1970ರ ದಶಕದಲ್ಲಿ ಬಂದ ಓ-ರಿಂಗ್ ಸರಪಣಿಯಲ್ಲಿ ಕೀಲು ಮತ್ತು ಬುಷ್‌ಗಳ ನಡುವೆ ಗ್ರೀಸನ್ನು ತುಂಬಿ, ತಗಡುಗಳ ನಡುವಿನ ರಬ್ಬರು ಬಳೆಗಳಿಂದ ಅದನ್ನು ಬಂಧಿಸಿದರು. ಇದರಿಂದ ಸರಪಣಿಯ ಆಯುಸ್ಸು ಬಹುವಾಗಿ ಹೆಚ್ಚಿತು. ಆದರೆ ಬಳೆಯು ಒಣಗಿ ಬಿರಿದರೆ ಒಳಗಿನ ಗ್ರೀಸ್ ಸೋರಿಹೋಗುತ್ತದೆ. ಅದನ್ನು ಪುನಃ ತುಂಬುವ ಉಪಾಯವು ಸವಾರನ ಕೈಯಲ್ಲಿಲ್ಲ. ಹಿಂದಿನವನಿಗೆ ಶ್ರಮ ಹೆಚ್ಚಾಗಿತ್ತು, ಆದರೆ ದುರಸ್ತಿಯ ಅಧಿಕಾರವೂ ಇತ್ತು. ಇಂದಿನವನಿಗೆ ಶ್ರಮದೊಡನೆ ಆ ಅಧಿಕಾರವೂ ತಗ್ಗಿದೆ.

ಹಾಗೆಂದು ಆರೈಕೆಯು ಕೊನೆಗೊಂಡಿಲ್ಲ. ಬಳೆಗಳು ಒಣಗದಂತೆ, ಉರುಳೆಗಳು ತುಕ್ಕು ಹಿಡಿಯದಂತೆ ಇಂದಿಗೂ ನೋಡಿಕೊಳ್ಳಬೇಕು. ತಂತಿಯ ಕುಂಚವೂ ಪೆಟ್ರೋಲೂ ಬಳೆಗಳಿಗೆ ಹಾನಿಕರವಾದುದರಿಂದ ಮೆದು ಕುಂಚ ಮತ್ತು ಸೀಮೆಎಣ್ಣೆಯನ್ನು ಬಳಸುತ್ತಾರೆ. ಸವಾರಿಯ ಅನಂತರ ಸರಪಣಿಯು ಬೆಚ್ಚಗಿರುವಾಗ, ಕೆಳಗಿನ ಸುತ್ತಿನ ಒಳಬದಿಗೆ ಎಣ್ಣೆ ಬಿಟ್ಟರೆ ತಿರುಗುವಾಗಿನ ವೇಗವೇ ಅದನ್ನು ಹೊರಕ್ಕೆ ಹರಡುತ್ತದೆ. ಎಂಜಿನ್ನನ್ನು ನಿಲ್ಲಿಸಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಚಕ್ರವನ್ನು ಕೈಯಿಂದಲೇ ತಿರುಗಿಸಬೇಕೆಂಬ ನಿಯಮವನ್ನು ಮೀರಿದವರು ಬೆರಳುಗಳನ್ನು ಕಳೆದುಕೊಳ್ಳುತ್ತಾರೆ.

ಇದರಿಂದ ವಿದಿತವಾಗುವುದೇನೆಂದರೆ, ಯಂತ್ರವು ಸುಧಾರಿಸಿದಂತೆ ಆರೈಕೆಯ ದುಡಿಮೆಯು ಅಳಿಯುವುದಿಲ್ಲ, ಕೈ ಬದಲಾಯಿಸುತ್ತದೆ. ಸವಾರನಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಎಂಜಿನ್ನಿಗೆ, ಅಲ್ಲಿಂದ ಕಾರ್ಖಾನೆಗೆ ಅದು ಸಾಗಿತು. ಅದರೊಡನೆ ತಿಳಿವಳಿಕೆಯೂ ಸಾಗಿತು. ಎತ್ತಿನ ಗಾಡಿಯ ಕಾಲದಿಂದ ನಮ್ಮ ಭಾಷೆಯಲ್ಲಿರುವ ‘ಕೀಲೆಣ್ಣೆ’ ಎಂಬ ಪದವು, ಎಣ್ಣೆಯು ಎಲ್ಲಿಗೆ ಸೇರಬೇಕೆಂಬುದನ್ನು ತನ್ನ ಹೆಸರಿನಲ್ಲಿಯೇ ಹೇಳುತ್ತದೆ. ಪೇಟೆಂಟುಗಳೂ ಕಾರ್ಖಾನೆಯ ದಾಖಲೆಗಳೂ ಚರಿತ್ರೆಗೆ ಆಧಾರಗಳಾಗಿರುವಂತೆ, ಜಿಡ್ಡಿನ ಬೆರಳಚ್ಚು ಬಿದ್ದ ಕೈಪಿಡಿಯೂ, ಹಲ್ಲು ಸವೆದ ಚಕ್ರವೂ ಆಧಾರಗಳೇ ಸರಿ. ಜಿಲ್ಲೆಯ ಒಂದೊಂದು ಪಟ್ಟಣದಲ್ಲಿಯೂ ಹಳೆಯ ಮೆಕ್ಯಾನಿಕರು ಇನ್ನೂ ಇರುವಾಗಲೇ ಅವರ ಅನುಭವವನ್ನು ಸಂಗ್ರಹಿಸುವ ಕಾರ್ಯವನ್ನು ನಮ್ಮ ವಿದ್ಯಾರ್ಥಿಗಳು ಕೈಗೊಂಡರೆ, ಮೈಸೂರು ನಾಡಿನ ಯಂತ್ರಯುಗದ ಚರಿತ್ರೆಯಲ್ಲಿ ಬರೆಯದೆ ಉಳಿದ ಒಂದು ಅಧ್ಯಾಯವು ದೊರೆತೀತು.