ನಾಲ್ಕು–ಐದನೇ ತಿಂಗಳ ಬಸಿರು: ತಾಯಿ, ಮಗುವಿನಲ್ಲಿ ಆಗುವ ಬದಲಾವಣೆಗಳು

ಮೊದಲ ಮೂರು ತಿಂಗಳ ವಾಕರಿಕೆ ಮತ್ತು ಆಯಾಸ ಇಳಿಮುಖವಾಗಿರುತ್ತದೆ. ಕೊನೆಯ ತಿಂಗಳುಗಳ ಹೊಟ್ಟೆಭಾರ ಇನ್ನೂ ಆರಂಭವಾಗಿರುವುದಿಲ್ಲ. ಗರ್ಭಾವಸ್ಥೆಯ ಎರಡನೇ ತ್ರೈಮಾಸಿಕದ ಪೂರ್ವಾರ್ಧ, ಅಂದರೆ 14ರಿಂದ 20ನೇ ವಾರದವರೆಗಿನ ಅವಧಿ, ಬಹುತೇಕ ಗರ್ಭಿಣಿಯರ ಪಾಲಿಗೆ ನೆಮ್ಮದಿಯ ದಿನಗಳು. ಆದರೆ ಇದೇ ಅವಧಿಯಲ್ಲಿ ತಾಯಿಯ ರಕ್ತ ತೆಳುವಾಗುತ್ತದೆ, ಕಬ್ಬಿಣಾಂಶದ ಬೇಡಿಕೆ ಏರತೊಡಗುತ್ತದೆ, ಮಗುವಿನ ಅಂಗರಚನೆಯನ್ನು ಪರೀಕ್ಷಿಸುವ ಕಾಲವೂ ಬಂದು ಹೋಗುತ್ತದೆ. ‘ಈಗ ಆರಾಮವಾಗಿದ್ದೇನೆ’ ಎಂಬ ಕಾರಣಕ್ಕೆ ತಪಾಸಣೆ ಮುಂದೂಡಿದರೆ ಕಳೆದುಹೋದ ವಾರಗಳನ್ನು ಮರಳಿ ಪಡೆಯಲಾಗದು.

ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಮಟ್ಟಿಗೆ ಈ ಮಾತಿಗೆ ಹೆಚ್ಚಿನ ಅರ್ಥವಿದೆ. ಅರಿಸಿನ, ಬಾಳೆ, ಚೆಂಡು ಹೂವು, ತರಕಾರಿ ಬೆಳೆಯುವ ಈ ಭಾಗದಲ್ಲಿ ಹೊಲದ ಕೆಲಸದ ದೊಡ್ಡ ಪಾಲು ಮಹಿಳೆಯರದು. ವಾಕರಿಕೆ ನಿಂತೊಡನೆ ಅವರು ಕೂಲಿಗೆ ಮರಳುತ್ತಾರೆ. ಬಂಡೀಪುರ ಮತ್ತು ಬಿಳಿಗಿರಿರಂಗನಬೆಟ್ಟದ ಕಾಡಂಚಿನ ಹಾಡಿ, ಪೋಡುಗಳಿಂದ ಆಸ್ಪತ್ರೆಗೆ ಹೋಗಿಬರುವುದೆಂದರೆ ಒಂದು ದಿನದ ದುಡಿಮೆಯನ್ನು ಬಿಟ್ಟಂತೆ. ಆದ್ದರಿಂದ ಯಾವ ವಾರದಲ್ಲಿ ಏನು ನಡೆಯುತ್ತದೆ, ಯಾವ ಭೇಟಿಯನ್ನು ತಪ್ಪಿಸಲೇಬಾರದು ಎಂಬುದು ಮನೆಮಂದಿಗೆಲ್ಲ ತಿಳಿದಿರಬೇಕು.

ವಾರಗಳ ಲೆಕ್ಕ

ವೈದ್ಯರು ಗರ್ಭದ ವಯಸ್ಸನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಒಟ್ಟು ಅವಧಿ 40 ವಾರ, ಅಂದರೆ 280 ದಿನ. ಇದರಲ್ಲಿ 14ರಿಂದ 27ನೇ ವಾರದವರೆಗಿನದು ಎರಡನೇ ತ್ರೈಮಾಸಿಕ. ದಿನಾಂಕ ನೆನಪಿಲ್ಲದಿದ್ದರೆ ಹಬ್ಬ, ಜಾತ್ರೆ, ಅಮಾವಾಸ್ಯೆಗಳ ಹಿಂದುಮುಂದಿನ ಲೆಕ್ಕದಿಂದ ಅಂದಾಜು ಮಾಡಬಹುದು. 14ನೇ ವಾರಕ್ಕೆ ಮುಂಚೆ ಮಾಡಿಸಿದ ಸ್ಕ್ಯಾನ್ ಈ ಲೆಕ್ಕವನ್ನು ಖಚಿತಪಡಿಸುತ್ತದೆ. ಲೆಕ್ಕ ತಪ್ಪಿದರೆ ಮಗುವಿನ ಬೆಳವಣಿಗೆ ಕಡಿಮೆಯೋ ಸರಿಯೋ ಎಂಬ ತೀರ್ಮಾನವೇ ತಪ್ಪಾಗುತ್ತದೆ.

ಮಗುವಿನ ಬೆಳವಣಿಗೆ

14ನೇ ವಾರದ ವೇಳೆಗೆ ಎಲ್ಲ ಮುಖ್ಯ ಅಂಗಗಳ ರಚನೆ ಮುಗಿದಿರುತ್ತದೆ. ಇನ್ನು ಮುಂದಿನದು ಅವು ಬೆಳೆದು ಪಕ್ವವಾಗುವ ಕಾಲ. ಪೋಷಣೆಯ ಹೊಣೆಯನ್ನು ಮಾಸು ಪೂರ್ಣವಾಗಿ ವಹಿಸಿಕೊಂಡಿರುತ್ತದೆ. ತಾಯಿಯ ರಕ್ತದಿಂದ ಆಮ್ಲಜನಕ ಮತ್ತು ಆಹಾರಾಂಶಗಳು ಮಾಸಿನ ಮೂಲಕ ಮಗುವಿಗೆ ಸೇರುತ್ತವೆ.

14–15ನೇ ವಾರ: ತಲೆಯಿಂದ ಪೃಷ್ಠದವರೆಗೆ ಮಗುವಿನ ಉದ್ದ ಸುಮಾರು 8ರಿಂದ 10 ಸೆಂ.ಮೀ. ಕತ್ತು ನೀಳವಾಗಿ ಗದ್ದವು ಎದೆಯಿಂದ ಬೇರ್ಪಡುತ್ತದೆ. ಮೃದ್ವಸ್ಥಿಯ ರೂಪದಲ್ಲಿದ್ದ ಮೂಳೆಗಳು ಗಟ್ಟಿಯಾಗತೊಡಗುತ್ತವೆ. ಮೈಮೇಲೆ ಎಳೆಯ ನವಿರು ಕೂದಲು ಮೂಡಲಾರಂಭಿಸುತ್ತದೆ.

16–17ನೇ ವಾರ: ಉದ್ದ 11–12 ಸೆಂ.ಮೀ. ದಾಟುತ್ತದೆ, ತೂಕ 100 ಗ್ರಾಂ ಮೀರುತ್ತದೆ. ಮಗು ಕೈಕಾಲು ಆಡಿಸುತ್ತದೆ, ಸುತ್ತಲಿನ ನೀರನ್ನು ನುಂಗುತ್ತದೆ, ಮೂತ್ರ ವಿಸರ್ಜಿಸುತ್ತದೆ. ಈ ಹಂತದಿಂದ ಗರ್ಭಜಲದ ಬಹುಪಾಲು ಮಗುವಿನ ಮೂತ್ರದಿಂದಲೇ ಉಂಟಾಗುತ್ತದೆ. ಸ್ಕ್ಯಾನ್‌ನಲ್ಲಿ ನೀರು ಕಡಿಮೆ ಎಂದು ಕಂಡಾಗ ವೈದ್ಯರು ಮಗುವಿನ ಮೂತ್ರಪಿಂಡಗಳತ್ತ ಗಮನ ಹರಿಸಲು ಇದೇ ಕಾರಣ.

18–20ನೇ ವಾರ: ಕಿವಿಯ ರಚನೆ ಮುಂದುವರಿದು ಶಬ್ದಕ್ಕೆ ಸ್ಪಂದಿಸುವ ಸಾಮರ್ಥ್ಯಕ್ಕೆ ಬುನಾದಿ ಬೀಳುತ್ತದೆ. ಬೆರಳ ತುದಿಗಳ ರೇಖೆಗಳು ರೂಪುಗೊಳ್ಳುತ್ತವೆ. ಚರ್ಮವನ್ನು ನೀರಿನಿಂದ ರಕ್ಷಿಸುವ ಬಿಳಿ ಮೇಣದಂತಹ ಲೇಪ ಕಾಣಿಸಿಕೊಳ್ಳುತ್ತದೆ. 20 ವಾರ ತುಂಬಿದಾಗ ತಲೆಯಿಂದ ಹಿಮ್ಮಡಿಯವರೆಗೆ ಉದ್ದ ಸುಮಾರು 25 ಸೆಂ.ಮೀ., ತೂಕ 300 ಗ್ರಾಂ ಆಸುಪಾಸಿನಲ್ಲಿರುತ್ತದೆ. ಹೃದಯ ನಿಮಿಷಕ್ಕೆ 110ರಿಂದ 160 ಬಾರಿ ಮಿಡಿಯುತ್ತದೆ. ಕಣ್ಣಿನ ರೆಪ್ಪೆಗಳು ಇನ್ನೂ ಅಂಟಿಕೊಂಡೇ ಇರುತ್ತವೆ.

ಮಗುವಿನ ಮಿಸುಕಾಟವು ಚೊಚ್ಚಲ ಬಸುರಿಗೆ ಸಾಮಾನ್ಯವಾಗಿ 18ರಿಂದ 20ನೇ ವಾರದಲ್ಲಿ, ಈಗಾಗಲೇ ಹೆತ್ತವರಿಗೆ 16ರಿಂದ 18ನೇ ವಾರದಲ್ಲಿ ಅರಿವಿಗೆ ಬರುತ್ತದೆ. ಮಾಸು ಗರ್ಭಕೋಶದ ಮುಂಭಾಗದಲ್ಲಿದ್ದರೆ ತುಸು ತಡವಾಗುವುದೂ ಉಂಟು. 22 ವಾರ ತುಂಬಿದರೂ ಮಿಸುಕಾಟ ತಿಳಿಯದಿದ್ದರೆ ವೈದ್ಯರಿಗೆ ತೋರಿಸಬೇಕು.

ತಾಯಿಯ ದೇಹದಲ್ಲಿ

12ನೇ ವಾರದ ಹೊತ್ತಿಗೆ ಗರ್ಭಕೋಶವು ಕಟಿಕುಹರದಿಂದ ಮೇಲೇಳುತ್ತದೆ. 16ನೇ ವಾರಕ್ಕೆ ಕಿಬ್ಬೊಟ್ಟೆಯ ಮೂಳೆ ಮತ್ತು ಹೊಕ್ಕುಳಿನ ನಡುವೆ, 20ನೇ ವಾರಕ್ಕೆ ಹೊಕ್ಕುಳಿನ ಮಟ್ಟಕ್ಕೆ ಬರುತ್ತದೆ. ಆರೋಗ್ಯ ಕಾರ್ಯಕರ್ತೆಯರು ಹೊಟ್ಟೆಯ ಮೇಲೆ ಕೈಯಿಟ್ಟು ಬೆಳವಣಿಗೆ ಅಂದಾಜಿಸುವುದು ಈ ಅಳತೆಯಿಂದಲೇ. ಕಂತುಗಳು ಹಿಗ್ಗುವುದರಿಂದ ಎದ್ದು ಕೂರುವಾಗ, ಹೊರಳುವಾಗ ಕಿಬ್ಬೊಟ್ಟೆಯ ಪಕ್ಕದಲ್ಲಿ ಚುಚ್ಚಿದಂತಾಗಬಹುದು. ತುಸು ವಿಶ್ರಾಂತಿಯಿಂದ ಅದು ಕಡಿಮೆಯಾಗುತ್ತದೆ.

ಹಾರ್ಮೋನುಗಳ ಪ್ರಭಾವದಿಂದ ಕರುಳಿನ ಚಲನೆ ನಿಧಾನವಾಗಿ ಮಲಬದ್ಧತೆ, ಎದೆಯುರಿ ಕಾಣಿಸಿಕೊಳ್ಳುತ್ತವೆ. ಕೆನ್ನೆಯ ಮೇಲೆ ಬಂಗು, ಹೊಟ್ಟೆಯ ನಡುವೆ ಕಪ್ಪು ಗೆರೆ ಮೂಡಬಹುದು. ವಸಡುಗಳು ಊದಿ ಹಲ್ಲುಜ್ಜುವಾಗ ರಕ್ತ ಜಿನುಗಬಹುದು. ರಕ್ತದೊತ್ತಡ ತುಸು ಇಳಿಯುವ ಕಾರಣ ಥಟ್ಟನೆ ಎದ್ದಾಗ ತಲೆ ಸುತ್ತುತ್ತದೆ. ಬಿಸಿಲಿನಲ್ಲಿ ಬಗ್ಗಿ ಕಳೆ ಕೀಳುವವರು, ಹೂ ಬಿಡಿಸುವವರು ಇದನ್ನು ಗಮನದಲ್ಲಿಟ್ಟು ನಡುನಡುವೆ ನೆರಳಿನಲ್ಲಿ ಕುಳಿತು ನೀರು ಕುಡಿಯಬೇಕು. ಕೀಟನಾಶಕ ಬೆರೆಸುವ, ಸಿಂಪಡಿಸುವ ಕೆಲಸದಿಂದ ಮತ್ತು ಆಗತಾನೆ ಸಿಂಪಡಿಸಿದ ಹೊಲದಿಂದ ಬಸುರಿಯರು ಪೂರ್ತಿ ದೂರವಿರಬೇಕು.

ರಕ್ತ ತೆಳುವಾಗುವುದು ಏಕೆ?

ಈ ಅವಧಿಯ ಅತಿ ಮುಖ್ಯ ಬದಲಾವಣೆ ಕಣ್ಣಿಗೆ ಕಾಣುವುದಿಲ್ಲ. ಗರ್ಭಾವಸ್ಥೆಯಲ್ಲಿ ತಾಯಿಯ ರಕ್ತದ ಒಟ್ಟು ಪ್ರಮಾಣ ಶೇ 40ರಿಂದ 50ರಷ್ಟು ಹೆಚ್ಚುತ್ತದೆ. ಆದರೆ ರಕ್ತದ ದ್ರವಭಾಗ ಹೆಚ್ಚಿದ ವೇಗದಲ್ಲಿ ಕೆಂಪು ರಕ್ತಕಣಗಳು ಹೆಚ್ಚುವುದಿಲ್ಲ. ಹೀಗಾಗಿ ಹಿಮೋಗ್ಲೋಬಿನ್ ಮಟ್ಟ ಸಹಜವಾಗಿಯೇ ತುಸು ಇಳಿಯುತ್ತದೆ. ಮೊದಲೇ ರಕ್ತ ಕಡಿಮೆ ಇದ್ದವರಲ್ಲಿ ಈ ಇಳಿಕೆ ಅಪಾಯದ ಅಂಚು ಮುಟ್ಟುತ್ತದೆ. ಒಂದು ಗರ್ಭಾವಸ್ಥೆಗೆ ಬೇಕಾಗುವ ಕಬ್ಬಿಣಾಂಶ ಸುಮಾರು 1,000 ಮಿಲಿಗ್ರಾಂ. ಇದರ ಬಹುಪಾಲು ಬೇಕಾಗುವುದು ಐದನೇ ತಿಂಗಳ ನಂತರ. ಸಂಗ್ರಹವನ್ನು ಅದಕ್ಕೆ ಮುಂಚೆಯೇ ಆರಂಭಿಸಬೇಕು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ 52.2ರಷ್ಟು ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿಯೂ ಈ ಪ್ರಮಾಣ ಶೇ 45ನ್ನು ಮೀರಿದೆ. ಹೆರಿಗೆಯ ವೇಳೆ ಎಲ್ಲ ತಾಯಂದಿರಿಗೂ ಒಂದಷ್ಟು ರಕ್ತಸ್ರಾವ ಆಗುತ್ತದೆ. ರಕ್ತ ಚೆನ್ನಾಗಿರುವವರು ತಡೆದುಕೊಳ್ಳುವ ಸ್ರಾವವು ರಕ್ತಹೀನತೆ ಇರುವವರ ಜೀವಕ್ಕೆ ಎರವಾಗಬಹುದು. ಮಗು ಅವಧಿಗೆ ಮುಂಚೆ ಹುಟ್ಟುವ, ಕಡಿಮೆ ತೂಕದಲ್ಲಿ ಹುಟ್ಟುವ ಸಾಧ್ಯತೆಯೂ ಹೆಚ್ಚುತ್ತದೆ.

ಮಾತ್ರೆಗಳ ಕ್ರಮ

* ನಾಲ್ಕನೇ ತಿಂಗಳಿನಿಂದ ದಿನಕ್ಕೊಂದು ಕಬ್ಬಿಣಾಂಶದ ಮಾತ್ರೆ. ಇದರಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಕನಿಷ್ಠ 180 ದಿನ, ಹೆರಿಗೆಯ ನಂತರವೂ 180 ದಿನ ಸೇವಿಸಬೇಕು.
* ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆ ಇದ್ದರೆ ವೈದ್ಯರು ಮಾತ್ರೆಯ ಪ್ರಮಾಣ ಹೆಚ್ಚಿಸುತ್ತಾರೆ. ಮಾತ್ರೆಯಿಂದ ಗುಣ ಕಾಣದಿದ್ದರೆ ರಕ್ತನಾಳದ ಮೂಲಕ ಕಬ್ಬಿಣಾಂಶ ನೀಡಲಾಗುತ್ತದೆ. 7 ಗ್ರಾಂಗಿಂತ ಕಡಿಮೆ ಇದ್ದರೆ ಆಸ್ಪತ್ರೆಯ ಚಿಕಿತ್ಸೆಯೇ ಬೇಕು.
* ಕ್ಯಾಲ್ಸಿಯಂ ಮಾತ್ರೆಯೂ ಇದೇ ಅವಧಿಯಿಂದ ಆರಂಭ. ಅದನ್ನು ಕಬ್ಬಿಣಾಂಶದ ಮಾತ್ರೆಯ ಜೊತೆಯಲ್ಲಿ ನುಂಗಬಾರದು. ನಡುವೆ ಕನಿಷ್ಠ ಎರಡು ಗಂಟೆ ಅಂತರವಿರಲಿ.
* ಜಂತುಹುಳುವಿನ ಮಾತ್ರೆಯನ್ನು ಮೊದಲ ಮೂರು ತಿಂಗಳು ಕಳೆದ ಮೇಲೆ, ವೈದ್ಯರ ಸೂಚನೆಯಂತೆ ಒಮ್ಮೆ ನೀಡಲಾಗುತ್ತದೆ.

ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜ, ಹೆದರಬೇಕಿಲ್ಲ. ಹೊಟ್ಟೆ ತೊಳಸಿದರೆ ರಾತ್ರಿ ಊಟದ ನಂತರ ತೆಗೆದುಕೊಳ್ಳಬಹುದು. ಕಬ್ಬಿಣದ ಮಾತ್ರೆಯಿಂದ ಮಗು ಕಪ್ಪಾಗುತ್ತದೆ, ವಿಪರೀತ ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ನಂಬಿಕೆಗಳಿಗೆ ಆಧಾರವಿಲ್ಲ. ಮಗುವಿನ ಮೈಬಣ್ಣ ನಿರ್ಧಾರವಾಗುವುದು ತಂದೆತಾಯಿಯರಿಂದ ಬಂದ ವಂಶವಾಹಿಗಳಿಂದ.

ಊಟದಲ್ಲಿ ಏನಿರಬೇಕು?

ಈ ತ್ರೈಮಾಸಿಕದಲ್ಲಿ ಬಸುರಿಗೆ ದಿನಕ್ಕೆ ಸುಮಾರು 350 ಕ್ಯಾಲರಿ ಹೆಚ್ಚುವರಿ ಆಹಾರ ಬೇಕು. ಇಬ್ಬರ ಊಟ ಉಣ್ಣಬೇಕಿಲ್ಲ. ಒಂದು ಹೊತ್ತಿನ ಲಘು ಊಟ ಹೆಚ್ಚಿದರೆ ಸಾಕು. ಈ ಭಾಗದ ಅಡುಗೆಯೇ ಅದಕ್ಕೆ ಒದಗುತ್ತದೆ. ರಾಗಿ ಮುದ್ದೆಯಲ್ಲಿ ಕ್ಯಾಲ್ಸಿಯಂ ಹೇರಳ. ಹುರುಳಿ, ಅವರೆ, ಅಲಸಂದೆಯ ಸಾರು, ಮೊಟ್ಟೆ, ಮೀನು, ಹಾಲು ಪ್ರೋಟೀನ್ ಒದಗಿಸುತ್ತವೆ. ನುಗ್ಗೆ, ದಂಟು, ಕೀರೆ ಮುಂತಾದ ಸೊಪ್ಪಿನ ಬಸ್ಸಾರು, ಮಸ್ಸೊಪ್ಪಿನ ಜೊತೆ ನಿಂಬೆರಸ ಅಥವಾ ನೆಲ್ಲಿಕಾಯಿ ಇದ್ದರೆ ಕಬ್ಬಿಣಾಂಶ ಚೆನ್ನಾಗಿ ಹೀರಲ್ಪಡುತ್ತದೆ. ಊಟದ ಜೊತೆಗೇ ಕಾಫಿ, ಚಹಾ ಕುಡಿದರೆ ಅದೇ ಅಂಶ ವ್ಯರ್ಥವಾಗುತ್ತದೆ.

ಅಂಗನವಾಡಿಗಳ ಮೂಲಕ ಗರ್ಭಿಣಿ, ಬಾಣಂತಿಯರಿಗೆ ಪೌಷ್ಟಿಕ ಆಹಾರ ನೀಡುವ ‘ಮಾತೃಪೂರ್ಣ’ ಯೋಜನೆ ರಾಜ್ಯದಾದ್ಯಂತ 2017ರ ಅಕ್ಟೋಬರ್ 2ರಂದು ಜಾರಿಗೆ ಬಂತು. ಮನೆಯಲ್ಲಿ ಎಲ್ಲರ ಊಟವಾದ ಮೇಲೆ ಉಳಿದುದನ್ನು ಉಣ್ಣುವ ರೂಢಿ ಇನ್ನೂ ಇರುವೆಡೆ ಇಂತಹ ಊಟದ ಬೆಲೆ ದೊಡ್ಡದು.

ಮಣ್ಣು, ಸೀಮೆಸುಣ್ಣ, ಬೂದಿ ತಿನ್ನಬೇಕೆನಿಸುವುದನ್ನು ಬಸುರಿಯ ಬಯಕೆ ಎಂದು ತಳ್ಳಿಹಾಕಬಾರದು. ಅದು ಕಬ್ಬಿಣಾಂಶದ ಕೊರತೆಯ ಲಕ್ಷಣವಿರಬಹುದು. ಎಲೆ ಅಡಿಕೆಯೊಂದಿಗೆ ಹೊಗೆಸೊಪ್ಪು, ಕಡ್ಡಿಪುಡಿ ಹಾಕುವ ಅಭ್ಯಾಸವಿದ್ದವರು ಕೂಡಲೇ ಬಿಡಬೇಕು. ಸೇದದಿದ್ದರೂ ಜಗಿದ ತಂಬಾಕಿನ ನಿಕೋಟಿನ್ ಮಾಸನ್ನು ದಾಟಿ ಮಗುವನ್ನು ತಲುಪುತ್ತದೆ.

ಸಿಕಲ್ ಸೆಲ್: ದಂಪತಿಗಳಿಬ್ಬರ ಪರೀಕ್ಷೆ

ಎಲ್ಲ ರಕ್ತಹೀನತೆಗೂ ಕಬ್ಬಿಣಾಂಶದ ಕೊರತೆಯೇ ಕಾರಣವಲ್ಲ. ಜಿಲ್ಲೆಯ ಸೋಲಿಗರು, ಜೇನುಕುರುಬರು ಮುಂತಾದ ಬುಡಕಟ್ಟು ಸಮುದಾಯಗಳಲ್ಲಿ ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದೋಷ ಕಂಡುಬರುತ್ತದೆ. ಇದರಲ್ಲಿ ಕೆಂಪು ರಕ್ತಕಣಗಳು ಕುಡುಗೋಲಿನ ಆಕಾರ ತಳೆದು ಬೇಗ ನಾಶವಾಗುತ್ತವೆ, ಸಣ್ಣ ರಕ್ತನಾಳಗಳಲ್ಲಿ ಸಿಲುಕಿ ತೀವ್ರ ನೋವು ತರುತ್ತವೆ. ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಬಿಳಿಗಿರಿರಂಗನಬೆಟ್ಟದಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಸೋಲಿಗರ ನಡುವೆ ಈ ಕಾಯಿಲೆಯನ್ನು ಗುರುತಿಸುವ ಕೆಲಸವನ್ನು ಬಹುಕಾಲದಿಂದ ಮಾಡುತ್ತ ಬಂದಿದೆ. ಕೇಂದ್ರ ಸರ್ಕಾರವು 2023ರ ಜುಲೈ 1ರಂದು ಈ ಕಾಯಿಲೆಯ ನಿರ್ಮೂಲನೆಗೆ ರಾಷ್ಟ್ರೀಯ ಅಭಿಯಾನ ಆರಂಭಿಸಿತು.

ತಾಯಿ ಮಾತ್ರ ವಾಹಕಿಯಾಗಿದ್ದರೆ ಮಗುವಿಗೆ ಕಾಯಿಲೆ ಬರುವುದಿಲ್ಲ. ಗಂಡಹೆಂಡಿರಿಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲಿಯೂ ಮಗುವಿಗೆ ಕಾಯಿಲೆ ತಗಲುವ ಸಾಧ್ಯತೆ ಶೇ 25. ಆದ್ದರಿಂದ ಪತ್ನಿಯ ರಕ್ತದಲ್ಲಿ ದೋಷ ಕಂಡುಬಂದರೆ ಪತಿಯ ರಕ್ತವನ್ನೂ ತಡಮಾಡದೆ ಪರೀಕ್ಷಿಸಬೇಕು. ಅಗತ್ಯವಿದ್ದಲ್ಲಿ 15ನೇ ವಾರದ ನಂತರ ಗರ್ಭಜಲದ ಪರೀಕ್ಷೆಯಿಂದ ಮಗುವಿನ ಸ್ಥಿತಿ ತಿಳಿಯಬಹುದು. ಕಾಯಿಲೆ ಇರುವ ತಾಯಂದಿರಿಗೆ, ವಿಶೇಷವಾಗಿ ಹಲವು ಬಾರಿ ರಕ್ತ ಪಡೆದವರಿಗೆ, ಪರೀಕ್ಷಿಸದೆ ಕಬ್ಬಿಣಾಂಶ ನೀಡುವಂತಿಲ್ಲ. ಅವರ ಆರೈಕೆ ತಜ್ಞರ ಉಸ್ತುವಾರಿಯಲ್ಲೇ ನಡೆಯಬೇಕು.

ತಪಾಸಣೆ ಮತ್ತು ಸ್ಕ್ಯಾನ್

ಕನಿಷ್ಠ ನಾಲ್ಕು ತಪಾಸಣೆಗಳಲ್ಲಿ ಎರಡನೆಯದು 14ರಿಂದ 26ನೇ ವಾರದ ನಡುವೆ ನಡೆಯಬೇಕು. ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್, ಮೂತ್ರದಲ್ಲಿ ಪ್ರೋಟೀನ್ ಮತ್ತು ಸಕ್ಕರೆ, ಗರ್ಭಕೋಶದ ಎತ್ತರ, ಮಗುವಿನ ಹೃದಯ ಬಡಿತ ಇವನ್ನು ಪರೀಕ್ಷಿಸಿ ತಾಯಿ ಕಾರ್ಡ್‌ನಲ್ಲಿ ದಾಖಲಿಸಲಾಗುತ್ತದೆ. ಧನುರ್ವಾಯು ತಡೆಯುವ ಟಿಡಿ ಚುಚ್ಚುಮದ್ದಿನ ಎರಡನೇ ಡೋಸ್ ಮೊದಲಿನದಾದ ನಾಲ್ಕು ವಾರಗಳ ನಂತರ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಈ ತಪಾಸಣೆ ಉಚಿತ. 18 ವರ್ಷ ತುಂಬದವರು, ಅವಳಿ ಮಕ್ಕಳಿರುವವರು, ಹಿಂದೆ ರಕ್ತದೊತ್ತಡ ಅಥವಾ ಶಸ್ತ್ರಚಿಕಿತ್ಸೆಯ ಹೆರಿಗೆ ಆದವರು ಆರಂಭದಿಂದಲೇ ತಜ್ಞ ವೈದ್ಯರನ್ನು ಕಾಣಬೇಕು.

18ರಿಂದ 20ನೇ ವಾರದ ನಡುವಿನ ಸ್ಕ್ಯಾನ್ ಮಗುವಿನ ಮೆದುಳು, ಬೆನ್ನುಹುರಿ, ಹೃದಯ, ಮೂತ್ರಪಿಂಡ, ಕೈಕಾಲುಗಳ ರಚನೆಯನ್ನು ಹಾಗೂ ಮಾಸಿನ ಸ್ಥಾನವನ್ನು ತೋರಿಸುತ್ತದೆ. ಇದಕ್ಕೆ ಕಾಲಮಿತಿ ಇರುವುದು ಸಕಾರಣ. 2021ರಲ್ಲಿ ತಿದ್ದುಪಡಿಯಾದ ವೈದ್ಯಕೀಯ ಗರ್ಭಪಾತ ಕಾಯ್ದೆಯಂತೆ 20 ವಾರಗಳವರೆಗೆ ಒಬ್ಬ ವೈದ್ಯರ, 24 ವಾರಗಳವರೆಗೆ ನಿರ್ದಿಷ್ಟ ವರ್ಗದ ಮಹಿಳೆಯರಿಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಅನಂತರ ಗಂಭೀರ ಅಂಗವೈಕಲ್ಯವಿದ್ದಾಗ ವೈದ್ಯಕೀಯ ಮಂಡಳಿಯೇ ತೀರ್ಮಾನಿಸಬೇಕು. ತಡವಾಗಿ ತಿಳಿದಷ್ಟೂ ಕುಟುಂಬದ ಮುಂದಿನ ದಾರಿಗಳು ಕಿರಿದಾಗುತ್ತವೆ.

ಈ ಸ್ಕ್ಯಾನ್ ಲಿಂಗ ತಿಳಿಯುವ ಸಾಧನವಲ್ಲ. 1994ರ ಕಾಯ್ದೆಯಡಿ ಭ್ರೂಣಲಿಂಗ ಪತ್ತೆ ಮಾಡುವುದೂ, ಮಾಡಿಸುವುದೂ ಶಿಕ್ಷಾರ್ಹ. 2023ರ ಕೊನೆಯಲ್ಲಿ ನೆರೆಯ ಮಂಡ್ಯ, ಮೈಸೂರು ಜಿಲ್ಲೆಗಳಲ್ಲಿ ಹೆಣ್ಣು ಭ್ರೂಣಹತ್ಯೆಯ ಜಾಲ ಬಯಲಾಗಿತ್ತು. ಕದ್ದುಮುಚ್ಚಿ ನಡೆಸುವ ಗರ್ಭಪಾತ ತಾಯಿಯ ಜೀವಕ್ಕೂ ಸಂಚಕಾರ.

ತಡಮಾಡಬಾರದ ಲಕ್ಷಣಗಳು

* ಯೋನಿಯಿಂದ ರಕ್ತ ಅಥವಾ ನೀರು ಹೋಗುವುದು
* ಬಿಟ್ಟುಬಿಟ್ಟು ಬರುವ ಅಥವಾ ತೀವ್ರವಾದ ಹೊಟ್ಟೆನೋವು
* ಚಳಿಜ್ವರ, ಉರಿಮೂತ್ರ
* ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈಗಳ ಊತ, ಫಿಟ್ಸ್
* ಕುಳಿತಲ್ಲೇ ಏದುಸಿರು, ಎದೆಬಡಿತ

ಇವುಗಳಲ್ಲಿ ಯಾವುದೇ ಒಂದು ಕಂಡರೂ 108ಕ್ಕೆ ಕರೆ ಮಾಡಬೇಕು. ಗುಂಡ್ಲುಪೇಟೆಯಲ್ಲಿ ತಾಲ್ಲೂಕು ಆಸ್ಪತ್ರೆ ಇದೆ. ಅಲ್ಲಿಂದ ಸುಮಾರು 35 ಕಿ.ಮೀ. ದೂರದ ಚಾಮರಾಜನಗರದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆ, ಸುಮಾರು 60 ಕಿ.ಮೀ. ದೂರದ ಮೈಸೂರಿನಲ್ಲಿ ಚೆಲುವಾಂಬ ಆಸ್ಪತ್ರೆ ಇವೆ. ಬಂಡೀಪುರ ಅರಣ್ಯದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಸಂಚಾರ ನಿರ್ಬಂಧವಿದ್ದರೂ ಆಂಬುಲೆನ್ಸ್‌ಗಳಿಗೆ ತಡೆಯಿಲ್ಲ. ಯಾವ ಆಸ್ಪತ್ರೆಗೆ ಹೋಗಬೇಕು, ರಾತ್ರಿ ಜೊತೆಗೆ ಬರುವವರು ಯಾರು, ರಕ್ತ ಕೊಡಬಲ್ಲವರು ಯಾರು ಎಂಬುದನ್ನು ಆಶಾ ಕಾರ್ಯಕರ್ತೆಯೊಂದಿಗೆ ಮಾತನಾಡಿ ಐದನೇ ತಿಂಗಳೊಳಗೆ ನಿಶ್ಚಯಿಸಿಕೊಳ್ಳುವುದು ಒಳಿತು. ಹೆರಿಗೆಗೆ ನಾಲ್ಕು ತಿಂಗಳಿರುವಾಗಲೇ ರಕ್ತಹೀನತೆ ಗೊತ್ತಾದರೆ ಮಾತ್ರೆ, ಊಟಗಳಿಂದ ಸರಿಪಡಿಸಲು ಕಾಲಾವಕಾಶ ಇರುತ್ತದೆ. ಹೆರಿಗೆ ಕೋಣೆಯಲ್ಲಿ ಗೊತ್ತಾದರೆ ಆ ಅವಕಾಶ ಇರುವುದಿಲ್ಲ.