ದೇವಸುಗೂರು ಸೀಮೆ ಮತ್ತು ಸಂವಿಧಾನದ ಅಂಗೀಕಾರ

ಕೃಷ್ಣಾತೀರದ ದೇವಸುಗೂರು ಸೇರಿದಂತೆ ರಾಯಚೂರು, ಮಾನ್ವಿ, ದೇವದುರ್ಗ ಸೀಮೆಯು 1947ರಲ್ಲಿ ಹೈದರಾಬಾದ್ ಸಂಸ್ಥಾನದ ಭಾಗವಾಗಿತ್ತು. ದೆಹಲಿಯ ಸಂವಿಧಾನ ರಚನಾ ಸಭೆಯಲ್ಲಿ ಮೈಸೂರು ಸಂಸ್ಥಾನದ ಪ್ರತಿನಿಧಿಗಳಿದ್ದರು; ಮುಂಬಯಿ ಪ್ರಾಂತದ ಕನ್ನಡಿಗರಿದ್ದರು. ಹೈದರಾಬಾದಿನವರು ಒಬ್ಬರೂ ಇರಲಿಲ್ಲ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ತರುವಾಯವೂ ಆ ಸ್ಥಾನಗಳು ತುಂಬಲಿಲ್ಲ.

ಹೀಗಾಗಿ ಈ ಸೀಮೆಗೆ ಸಂವಿಧಾನವು ಬಂದುದು ಫರ್ಮಾನಿನ ಮೂಲಕ. 1949ರ ನವೆಂಬರ್ 23ರಂದು, ಅಂದರೆ ರಚನಾ ಸಭೆಯು ಸಂವಿಧಾನವನ್ನು ಅಂಗೀಕರಿಸುವುದಕ್ಕೆ ಮೂರು ದಿನ ಮೊದಲು, ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನರು ಅದನ್ನು ತಮ್ಮ ರಾಜ್ಯದ ಸಂವಿಧಾನವೆಂದು ಘೋಷಿಸಿದರು. ಅರಸೊತ್ತಿಗೆಯ ಅಧಿಕಾರದಿಂದಲೇ ಗಣರಾಜ್ಯವನ್ನು ಒಪ್ಪಿಕೊಂಡ ವಿಚಿತ್ರ ಸನ್ನಿವೇಶವಿದು. ಆದರೆ ಆ ಘೋಷಣೆಯಲ್ಲಿ ಒಂದು ಷರತ್ತಿತ್ತು: ರಾಜ್ಯದಲ್ಲಿ ರಚನೆಯಾಗಲಿದ್ದ ಸಂವಿಧಾನ ಸಭೆಯ ಮೂಲಕ ಜನರು ಅದನ್ನು ಅನುಮೋದಿಸಬೇಕು. ಇತಿಹಾಸಕಾರರು ಈ ಷರತ್ತನ್ನು ಸಾಮಾನ್ಯವಾಗಿ ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ.

ಅಂತಹ ಸಭೆ ಸೇರಲೇ ಇಲ್ಲ. ಅದರ ಬದಲಿಗೆ ಬಂದುದು ವಯಸ್ಕ ಮತದಾನ. ಮೊದಲ ಸಾರ್ವತ್ರಿಕ ಚುನಾವಣೆಯಿಂದ 1952ರಲ್ಲಿ ಹೈದರಾಬಾದ್ ವಿಧಾನಸಭೆ ರೂಪುಗೊಂಡಿತು. ಬೂರ್ಗುಲ ರಾಮಕೃಷ್ಣರಾವ್ ಮುಖ್ಯಮಂತ್ರಿಯಾದರು. ಈ ಭಾಗದ ರೈತ, ಕೂಲಿಕಾರರ ಪಾಲಿಗೆ ಅನುಮೋದನೆಯೆಂಬುದು ಮತಪೆಟ್ಟಿಗೆಯ ಮುಂದೆ ನಡೆಯಿತೆಂದೇ ಹೇಳಬೇಕು. ರಜಾಕಾರರ ಹಾವಳಿಯ ನೆನಪುಗಳನ್ನು ಸಂಗ್ರಹಿಸಿದ ಜಾನಪದ ವಿದ್ವಾಂಸರು ಈ ಮೊದಲ ಮತದಾನದ ನೆನಪುಗಳನ್ನೂ ಅಷ್ಟೇ ಆಸಕ್ತಿಯಿಂದ ಅರಸಬೇಕಿತ್ತು.

1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ರಚನೆಯ ವೇಳೆ ದನಿಯಿಲ್ಲದಿದ್ದ ಈ ಪ್ರದೇಶದ ಹೆಸರಿನಲ್ಲಿಯೇ 2012ರ 98ನೆಯ ತಿದ್ದುಪಡಿಯು 371(ಜೆ) ವಿಧಿಯನ್ನು ಸಂವಿಧಾನದೊಳಗೆ ಬರೆಯಿತು.