ಮುರಿದ ಸ್ಪ್ರಿಂಗು ಹೇಳಿದ ಇತಿಹಾಸ



ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಕಾಫಿ ಕುಡಿದಾದ ಮೇಲೆ ಜೇಬಿನಿಂದ ಕಾಗದದ ಪೊಟ್ಟಣವೊಂದನ್ನು ತೆಗೆದು ಮೇಜಿನ ಮೇಲೆ ಬಿಚ್ಚಿದ. ಒಳಗೆ ಹೆಬ್ಬೆರಳಿನಷ್ಟು ದಪ್ಪದ ಉಕ್ಕಿನ ಸ್ಪ್ರಿಂಗೊಂದು ಎರಡು ತುಂಡಾಗಿ ಬಿದ್ದಿತ್ತು. "ಮೇಷ್ಟ್ರೇ, ಇದು ಯಾಕೆ ಮುರೀತು ಅಂತ ನನಗೆ ಗೊತ್ತು. ಆದರೆ ನೀವು ಒಂದು ಸಲ ವಿವರಿಸಿ ಹೇಳಬೇಕು, ನಿಮ್ಮ ಬಾಯಿಂದ ಕೇಳಬೇಕು" ಎಂದ.

ಈ ಮಾತಿನ ಹಿಂದೆ ಒಂದು ಹಳೆಯ ಕಥೆಯಿದೆ. ಅದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿರುವುದಿಲ್ಲ. ಈತ ಹತ್ತನೆಯ ತರಗತಿಯಲ್ಲಿ ವಿಜ್ಞಾನದಲ್ಲಿ ಹಿಂದುಳಿದಿದ್ದ. ಅವನ ತಂದೆ ಶಾಲೆಗೆ ಬಂದು ಕೈಮುಗಿದು ನಿಂತಾಗ ನಾನು, "ಓದು ಇವನ ತಲೆಗೆ ಹತ್ತುವುದಿಲ್ಲ, ಯಾವುದಾದರೂ ಗ್ಯಾರೇಜಿಗೆ ಸೇರಿಸಿಬಿಡಿ" ಎಂದಿದ್ದೆ. ಹುಡುಗ ಪಕ್ಕದಲ್ಲೇ ನಿಂತಿದ್ದ. ತಂದೆ ಹಾಗೆಯೇ ಮಾಡಿದರು. ಇಂದು ಆತ ಸ್ವಂತ ವರ್ಕ್‌ಶಾಪಿನ ಯಜಮಾನ. ರೇಸಿನ ಹವ್ಯಾಸವಿರುವವರ ಕಾರುಗಳ ಎಂಜಿನ್ನುಗಳನ್ನು ಬಿಚ್ಚಿ ಹದಗೊಳಿಸುವುದರಲ್ಲಿ ಕೈ ಪಳಗಿದವನು. ತನ್ನ ಹೆಸರನ್ನು ಬರೆಯಬೇಡಿ ಎಂದು ಕೇಳಿಕೊಂಡಿದ್ದಾನೆ, ಬರೆದಿಲ್ಲ.

ಸ್ಪ್ರಿಂಗು ಮುರಿದ ಬಗೆ ಹೀಗೆ. ಸ್ಪರ್ಧೆಗೆಂದು ಸಿದ್ಧಪಡಿಸುತ್ತಿದ್ದ ಕಾರೊಂದಕ್ಕೆ ಆತ ಹೊಸ ಕ್ಯಾಮ್‌ಶಾಫ್ಟ್ ಹಾಕಿದ್ದ. ಕ್ಯಾಮ್‌ಶಾಫ್ಟ್ ಎಂದರೆ ಮೊಟ್ಟೆಯಾಕಾರದ ಉಬ್ಬುಗಳಿರುವ ದಂಡ. ಅದು ತಿರುಗಿದಂತೆಲ್ಲ ಉಬ್ಬುಗಳು ವಾಲ್ವುಗಳನ್ನು, ಅಂದರೆ ನಮ್ಮ ಪಠ್ಯಪುಸ್ತಕದ ಕವಾಟಗಳನ್ನು, ಒತ್ತಿ ತೆರೆಯುತ್ತವೆ. ಮುಚ್ಚುವ ಕೆಲಸ ಸ್ಪ್ರಿಂಗಿನದು. ಹೊಸ ಕ್ಯಾಮಿನ ಉಬ್ಬು ಹಳೆಯದಕ್ಕಿಂತ ಎತ್ತರವಾಗಿತ್ತು. ವಾಲ್ವು ಹೆಚ್ಚು ತೆರೆದರೆ ಎಂಜಿನ್ ಹೆಚ್ಚು ಗಾಳಿಯನ್ನು ಎಳೆದುಕೊಳ್ಳುತ್ತದೆ, ಹೆಚ್ಚು ಶಕ್ತಿ ಕೊಡುತ್ತದೆ. ಕಾರಿನ ಮಾಲೀಕರಿಗೆ ಅವಸರ, ಕೈಯಲ್ಲಿದ್ದ ಹಣವೂ ಕಡಿಮೆ. ಆದ್ದರಿಂದ ಸ್ಪ್ರಿಂಗುಗಳು ಹಳೆಯವೇ ಉಳಿದವು. ಪರೀಕ್ಷೆಯ ಓಟದಲ್ಲಿ ಎಂಜಿನ್ನಿನ ವೇಗ ಏರಿದಾಗ ಒಂದು ಸ್ಪ್ರಿಂಗು ತುಂಡಾಯಿತು, ವಾಲ್ವು ಕೆಳಗಿಳಿದು ಪಿಸ್ಟನ್ನಿಗೆ ಬಡಿಯಿತು, ಎಂಜಿನ್ ಹಾಳಾಯಿತು. ತಪ್ಪು ತನ್ನದೇ ಎಂದು ಆತ ಯಾರನ್ನೂ ದೂರಲಿಲ್ಲ. ದುರಸ್ತಿಯ ಖರ್ಚನ್ನು ತಾನೇ ಹೊತ್ತ.

ಅವನ ಪ್ರಶ್ನೆಗೆ ಉತ್ತರ ಹೇಳಲು ಹೊರಟ ನನಗೆ ಒಂದು ಸಣ್ಣ ಲೆಕ್ಕ ದಾರಿ ತೋರಿಸಿತು. ಕಾರಿನ ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. ಕ್ಯಾಮ್ ಅದರ ಅರ್ಧ ವೇಗದಲ್ಲಿ ತಿರುಗುತ್ತದೆ. ಅಂದರೆ ಪ್ರತಿಯೊಂದು ವಾಲ್ವೂ ಸೆಕೆಂಡಿಗೆ 50 ಬಾರಿ ತೆರೆದು ಮುಚ್ಚಬೇಕು. ಉಬ್ಬು ಹಿಂದೆ ಸರಿಯುವಾಗ ವಾಲ್ವು ಅದರ ಬೆನ್ನಿಗಂಟಿಯೇ ಬರಬೇಕು. ಹಾಗೆ ಎಳೆದುತರಲು ಬೇಕಾದ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಆರು ಸಾವಿರದಿಂದ ಏಳು ಸಾವಿರಕ್ಕೆ ಏರಿದರೆ ವೇಗ ಆರರಲ್ಲಿ ಒಂದು ಪಾಲು ಹೆಚ್ಚಿತೆಂದು ನಾವು ಭಾವಿಸುತ್ತೇವೆ. ಬೇಕಾಗುವ ಬಲವಾದರೋ ಶೇಕಡಾ 36ರಷ್ಟು ಹೆಚ್ಚುತ್ತದೆ. ಅಷ್ಟು ಬಲ ಸ್ಪ್ರಿಂಗಿನಲ್ಲಿ ಇಲ್ಲದಿದ್ದರೆ ವಾಲ್ವು ಕ್ಯಾಮಿನಿಂದ ಬಿಡಿಸಿಕೊಂಡು ಗಾಳಿಯಲ್ಲಿ ತೇಲುತ್ತದೆ. ಮೆಕ್ಯಾನಿಕ್ಕುಗಳು ಇದನ್ನೇ ವಾಲ್ವ್ ಫ್ಲೋಟ್ ಎನ್ನುತ್ತಾರೆ. ಇನ್ನೊಂದು ಅಪಾಯವೂ ಉಂಟು. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದರೆ ಅದು ಹೆಚ್ಚುಹೆಚ್ಚು ತೂಗುವಂತೆ, ಕೆಲವು ವೇಗಗಳಲ್ಲಿ ಸ್ಪ್ರಿಂಗಿನ ಸುರುಳಿಗಳೇ ತಮ್ಮೊಳಗೆ ಅಲೆಯಂತೆ ಕುಣಿಯತೊಡಗುತ್ತವೆ. ಇವುಗಳ ಮೇಲೆ, ಎತ್ತರದ ಉಬ್ಬು ಸ್ಪ್ರಿಂಗನ್ನು ಮಿತಿಮೀರಿ ಒತ್ತಿದಾಗ ಸುರುಳಿಗೆ ಸುರುಳಿ ತಾಗಿ ಜಾಗವೇ ಉಳಿಯದಂತಾಗುತ್ತದೆ. ಉಕ್ಕಾದರೂ ಎಷ್ಟು ತಡೆದೀತು?

ಸ್ಪ್ರಿಂಗಿನ ಶಾಸ್ತ್ರ ಹೊಸದಲ್ಲ. ಇಂಗ್ಲೆಂಡಿನ ರಾಬರ್ಟ್ ಹುಕ್ ತನ್ನ ನಿಯಮವನ್ನು 1676ರಲ್ಲಿ ಅಕ್ಷರಗಳನ್ನು ಕಲಸಿ ಒಗಟಿನ ರೂಪದಲ್ಲಿ ಪ್ರಕಟಿಸಿ, 1678ರಲ್ಲಿ ಅದನ್ನು ಬಿಡಿಸಿದ. ಎಳೆದಷ್ಟು ಬಲ, ಅಷ್ಟೇ ಅದರ ಸಾರ. ಆದರೆ ಆ ಸಾರವನ್ನು ಮೋಟಾರು ಎಂಜಿನ್ನಿನ ಬೆಂಕಿಯೊಳಗೆ ನಿಭಾಯಿಸಲು ಮನುಷ್ಯ ಪಟ್ಟ ಪಾಡು ಒಂದು ಶತಮಾನಕ್ಕೂ ಮಿಕ್ಕಿದ್ದು. ಅದರಲ್ಲಿ ನಾಲ್ಕು ಘಟ್ಟಗಳನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಮೊದಲನೆಯದು ಫ್ರಾನ್ಸಿನಲ್ಲಿ. ಪ್ಯೂಜೋ ಕಂಪನಿಯಲ್ಲಿ ಬೊಯ್ಯೋ, ಗೂ, ಜುಕ್ಕಾರೆಲ್ಲಿ ಎಂಬ ಮೂವರು ರೇಸ್ ಚಾಲಕರು ಅರ್ನೆಸ್ಟ್ ಆನ್ರಿ ಎಂಬ ಸ್ವಿಸ್ ನಕ್ಷೆಗಾರನನ್ನು ಜೊತೆಗೂಡಿಸಿಕೊಂಡು ತಮ್ಮದೇ ಎಂಜಿನ್ ರೂಪಿಸಲು ಹೊರಟರು. ಕಂಪನಿಯ ಎಂಜಿನಿಯರುಗಳು ಇವರನ್ನು 'ಶಾರ್ಲತಾನ್'ಗಳೆಂದು, ಅಂದರೆ ಬೂಟಾಟಿಕೆಯವರೆಂದು, ಹಂಗಿಸಿದರು. ಆ ಬೂಟಾಟಿಕೆಯವರು ಮಾಡಿದ್ದೇನು? ಒಂದು ಸಿಲಿಂಡರಿಗೆ ಎರಡು ದೊಡ್ಡ ವಾಲ್ವುಗಳ ಬದಲು ನಾಲ್ಕು ಚಿಕ್ಕ ವಾಲ್ವುಗಳನ್ನಿಟ್ಟರು, ಅವುಗಳ ನೆತ್ತಿಯ ಮೇಲೆಯೇ ಎರಡು ಕ್ಯಾಮ್‌ಶಾಫ್ಟುಗಳನ್ನು ಕೂರಿಸಿದರು. ಚಿಕ್ಕ ವಾಲ್ವು ಹಗುರ, ನಡುವಿನ ಉದ್ದದ ಕಡ್ಡಿಗಳೂ ಇಲ್ಲ. ಸ್ಪ್ರಿಂಗಿನ ಬಲವನ್ನು ಹೆಚ್ಚಿಸುವುದಕ್ಕೆ ಮೊದಲು ಅದು ಹೊರಬೇಕಾದ ಭಾರವನ್ನೇ ಇಳಿಸುವ ಉಪಾಯವಿದು. 1912ರ ಫ್ರೆಂಚ್ ಗ್ರಾಂಪ್ರಿಯಲ್ಲಿ, ದಿಯೆಪ್ ಪಟ್ಟಣದ ಬಳಿ, ಅವರ 7.6 ಲೀಟರಿನ ಕಾರು 14 ಲೀಟರಿನ ಫಿಯಟ್ ದೈತ್ಯನನ್ನು ಸೋಲಿಸಿತು. ಮರುವರ್ಷ ಗೂ ಅಮೆರಿಕಕ್ಕೆ ಹೋಗಿ ಇಂಡಿಯಾನಾಪೊಲಿಸ್ 500 ಗೆದ್ದ. ಇಂದಿನ ಸಾಮಾನ್ಯ ಕಾರಿನ ಎಂಜಿನ್ನುಗಳಲ್ಲೂ ಕಾಣುವುದು ಬಹುಮಟ್ಟಿಗೆ ಆ ವಿನ್ಯಾಸದ ಪೀಳಿಗೆಯೇ.

ಎರಡನೆಯ ಘಟ್ಟ ಬಿಸಿಯದು. ಹೊಗೆ ಹೊರಹೋಗುವ ವಾಲ್ವು ಕೆಂಪಗೆ ಕಾಯುತ್ತದೆ. ಕಾದ ಲೋಹ ಮೆತ್ತಗಾಗಿ ವಾಲ್ವು ಸುಡುತ್ತದೆ, ಹಿಗ್ಗುತ್ತದೆ, ಒಡೆಯುತ್ತದೆ. ಸ್ಯಾಮ್ಯುಯೆಲ್ ಹೆರನ್ ಎಂಬ ಎಂಜಿನಿಯರ್ ಬ್ರಿಟನ್ನಿನಿಂದ ಅಮೆರಿಕಕ್ಕೆ ಹೋಗಿ ಇದಕ್ಕೆ ಪರಿಹಾರ ಹುಡುಕಿದರು. ವಾಲ್ವಿನ ಕಾಂಡವನ್ನು ಟೊಳ್ಳು ಮಾಡಿ, ಬಿಸಿಗೆ ಕರಗುವ ವಸ್ತುವನ್ನು ಅದರಲ್ಲಿ ಅರೆತುಂಬಿಸುವುದು ಆ ಪರಿಹಾರ. ಇದಕ್ಕೆ ಸೋಡಿಯಂ ಹೇಳಿ ಮಾಡಿಸಿದಂತಿತ್ತು. ಅದು ಸುಮಾರು 98 ಡಿಗ್ರಿಗೆ, ನೀರು ಕುದಿಯುವ ಮೊದಲೇ, ಕರಗುತ್ತದೆ. ವಾಲ್ವು ಮೇಲೆ ಕೆಳಗೆ ಆಡುವಾಗ ಕರಗಿದ ಸೋಡಿಯಂ ಒಳಗೇ ಕುಲುಕಾಡಿ ತಲೆಯ ಬಿಸಿಯನ್ನು ಕಾಂಡಕ್ಕೆ ಸಾಗಿಸುತ್ತದೆ. 1927ರ ಮೇ ತಿಂಗಳಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ಒಬ್ಬಂಟಿಯಾಗಿ ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ ಮೂವತ್ತಮೂರೂವರೆ ಗಂಟೆ ಹಾರಿದಾಗ, ವಿಮಾನದ ರೈಟ್ ವರ್ಲ್‌ವಿಂಡ್ ಎಂಜಿನ್ನಿನಲ್ಲಿದ್ದುದು ಹೆರನ್ನರ ಒಳತಂಪಿನ ವಾಲ್ವುಗಳು. ಕೆಳಗೆ ಅಟ್ಲಾಂಟಿಕ್ ಸಾಗರ, ಇದ್ದುದು ಒಂದೇ ಎಂಜಿನ್. ಒಂದು ವಾಲ್ವು ಮುರಿದಿದ್ದರೆ ಆ ಹೆಸರು ನಮಗೆ ಗೊತ್ತಿರುತ್ತಿತ್ತೇ?

ಮೂರನೆಯದು ಸ್ಪ್ರಿಂಗನ್ನೇ ಕಿತ್ತೆಸೆದ ಸಾಹಸ. 1954ರಲ್ಲಿ ಮರ್ಸಿಡಿಸ್ ಕಂಪನಿ ತನ್ನ ಡಬ್ಲ್ಯೂ 196 ರೇಸ್ ಕಾರಿನ ಎಂಟು ಸಿಲಿಂಡರಿನ ಎಂಜಿನ್ನಿನಲ್ಲಿ, ವಾಲ್ವನ್ನು ತೆರೆಯಲು ಒಂದು ಕ್ಯಾಮ್, ಮುಚ್ಚಲು ಇನ್ನೊಂದು ಕ್ಯಾಮ್ ಇರಿಸಿತು. ಇದಕ್ಕೆ ಡೆಸ್ಮೊಡ್ರೋಮಿಕ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ 'ಡೆಸ್ಮೋಸ್' ಎಂದರೆ ಬಂಧ, 'ಡ್ರೋಮೋಸ್' ಎಂದರೆ ಓಟ. ಇದೊಂದು ಬಂಧಿತ ಓಟ. ಆ ಕಾರು ತಾನು ಕಣಕ್ಕಿಳಿದ 12 ಗ್ರಾಂಪ್ರಿಗಳಲ್ಲಿ 9ನ್ನು ಗೆದ್ದಿತು. ಹುವಾನ್ ಮ್ಯಾನುಯೆಲ್ ಫ್ಯಾಂಜಿಯೋ 1954 ಮತ್ತು 1955ರಲ್ಲಿ ವಿಶ್ವ ಚಾಂಪಿಯನ್ನರಾದರು. ಆದರೆ ಈ ಯಂತ್ರಕ್ಕೆ ಕೂದಲೆಳೆಯಷ್ಟು ನಿಖರವಾದ ಹೊಂದಾಣಿಕೆ ಬೇಕು, ಖರ್ಚೂ ವಿಪರೀತ. ಅಷ್ಟರಲ್ಲಿ ಒಳ್ಳೆಯ ಉಕ್ಕಿನ ಸ್ಪ್ರಿಂಗುಗಳೂ ಬಂದವು. ಕಾರುಗಳಲ್ಲಿ ಈ ಪದ್ಧತಿ ಬೇರು ಬಿಡಲಿಲ್ಲ. ಇಟಲಿಯ ಡುಕಾಟಿಯಲ್ಲಿ ಫ್ಯಾಬಿಯೊ ಟ್ಯಾಗ್ಲಿಯೋನಿ 1956ರಲ್ಲಿ ಅದನ್ನು ಮೋಟಾರ್ ಸೈಕಲ್ಲಿಗೆ ತಂದರು. ಆ ಕಂಪನಿಯ ಕೆಲವು ಬೈಕುಗಳಲ್ಲಿ ಅದು ಇಂದಿಗೂ ಜೀವಂತವಾಗಿದೆ.

ನಾಲ್ಕನೆಯ ಘಟ್ಟ ಮತ್ತೆ ಫ್ರಾನ್ಸಿಗೇ ಕರೆದೊಯ್ಯುತ್ತದೆ. ರೆನೋ ಕಂಪನಿಯ ಜಾನ್ ಪಿಯೇರ್ ಬೂದಿ ಉಕ್ಕಿನ ಸುರುಳಿಯ ಬದಲು ಒತ್ತಿದ ಅನಿಲವನ್ನೇ ಸ್ಪ್ರಿಂಗಾಗಿ ಬಳಸಿದರು. ಅನಿಲಕ್ಕೆ ಸುರುಳಿಯಿಲ್ಲ, ಆದ್ದರಿಂದ ಸುರುಳಿ ಕುಣಿಯುವ ರೋಗವೂ ಇಲ್ಲ, ಲೋಹ ದಣಿದು ಮುರಿಯುವ ಭಯವೂ ಇಲ್ಲ. 1986ರಲ್ಲಿ ಆಯರ್ಟನ್ ಸೆನ್ನಾ ಓಡಿಸಿದ ಲೋಟಸ್ ಕಾರಿನ ಎಂಜಿನ್ನಿನಲ್ಲಿ ಇದು ರೇಸಿಗಿಳಿಯಿತು. ಆಮೇಲಿನ ಇಪ್ಪತ್ತು ವರ್ಷಗಳಲ್ಲಿ ಫಾರ್ಮುಲಾ ಒನ್ ಎಂಜಿನ್ನುಗಳ ವೇಗ ಏರುತ್ತಲೇ ಹೋಗಿ, 2006ರಲ್ಲಿ ಕಾಸ್ವರ್ತ್ ಎಂಜಿನ್ ನಿಮಿಷಕ್ಕೆ 20,000 ಸುತ್ತು ಮುಟ್ಟಿತು. ಒಂದು ವಾಲ್ವು ಸೆಕೆಂಡಿಗೆ 166 ಬಾರಿ! ಕೊನೆಗೆ ನಿಯಮ ಮಾಡುವವರೇ ಲಗಾಮು ಹಾಕಬೇಕಾಯಿತು. 2007ರಲ್ಲಿ 19,000ಕ್ಕೆ, 2009ರಲ್ಲಿ 18,000ಕ್ಕೆ ಮಿತಿ ಬಂತು.

ಇಷ್ಟೆಲ್ಲವನ್ನೂ ಓದಿಕೊಂಡು, ಒಂದು ವಾರದ ನಂತರ ನಾನೇ ಅವನ ವರ್ಕ್‌ಶಾಪಿಗೆ ಹೋದೆ. ಇತಿಹಾಸ ಹೇಳಲು ಹೋದವನು ಅಲ್ಲಿ ಪಾಠ ಕೇಳಿಸಿಕೊಂಡು ಬಂದೆ.

ಆತ ಎಂಜಿನ್ನಿನ ಹೆಡ್ಡನ್ನು ಮತ್ತೆ ಕಟ್ಟುತ್ತಿದ್ದ. ಈ ಬಾರಿ ಒಂದೇ ಭಾಗವನ್ನು ಬದಲಿಸುವ ಮಾತಿರಲಿಲ್ಲ. ಹೊಸ ಸ್ಪ್ರಿಂಗುಗಳು ಜೇನುಗೂಡಿನಂತೆ ಮೇಲಕ್ಕೆ ಹೋದಂತೆ ಕಿರಿದಾಗುವಂಥವು. ಅವುಗಳ ಸುರುಳಿಗಳೆಲ್ಲ ಒಂದೇ ಅಳತೆಯವಲ್ಲವಾದ್ದರಿಂದ ಒಟ್ಟಿಗೆ ಕುಣಿಯುವುದಿಲ್ಲ. ತುದಿ ಕಿರಿದಾದ್ದರಿಂದ ಅದರ ಮೇಲೆ ಕೂರುವ ರಿಟೇನರ್ ಎಂಬ ಬಟ್ಟಲೂ ಚಿಕ್ಕದು. ಅದನ್ನು ಟೈಟಾನಿಯಂನಲ್ಲಿ ಮಾಡಿಸಿದ್ದ, ಉಕ್ಕಿನ ತೂಕದ ಅರ್ಧಕ್ಕಿಂತ ತುಸು ಹೆಚ್ಚು ಅಷ್ಟೆ. "ಸ್ಪ್ರಿಂಗು ಮಾತ್ರ ಗಟ್ಟಿ ಮಾಡಿದರೆ ಕ್ಯಾಮ್ ಸವೆಯುತ್ತೆ ಮೇಷ್ಟ್ರೇ. ಮೊದಲು ಭಾರ ಇಳಿಸಬೇಕು, ಆಮೇಲೆ ಎಷ್ಟು ಬೇಕೋ ಅಷ್ಟೇ ಬಲ" ಎಂದ. ಪ್ಯೂಜೋದ 'ಬೂಟಾಟಿಕೆಯವರು' 1912ರಲ್ಲಿ ಕಂಡುಕೊಂಡದ್ದು ಇದನ್ನೇ. ಪಿಸ್ಟನ್ನಿನ ತಲೆಯ ಮೇಲೆ ಮಕ್ಕಳಾಡುವ ಮೆತ್ತನೆಯ ಜೇಡಿಯನ್ನು ಅಂಟಿಸಿ, ಎಂಜಿನ್ನನ್ನು ಕೈಯಿಂದ ತಿರುಗಿಸಿ, ವಾಲ್ವು ಒತ್ತಿದ ಗುರುತಿನಲ್ಲಿ ಉಳಿದ ದಪ್ಪವನ್ನು ಅಳೆದ. ವಾಲ್ವಿಗೂ ಪಿಸ್ಟನ್ನಿಗೂ ನಡುವೆ ಎಷ್ಟು ಅಂತರವಿದೆ ಎಂದು ತಿಳಿಯುವ ವಿಧಾನವದು.

ಆಮೇಲೆ ಸ್ಪ್ರಿಂಗುಗಳನ್ನು ಒಂದೊಂದಾಗಿ ಅಳತೆಯ ಯಂತ್ರದಲ್ಲಿಟ್ಟು ಒತ್ತಿ, ಎಷ್ಟು ಮಿಲಿಮೀಟರಿಗೆ ಎಷ್ಟು ಕಿಲೋ ಬಲ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳತೊಡಗಿದ. ಬರೆದ ಅಂಕಿಗಳನ್ನು ಚೌಕಳಿ ಹಾಳೆಯಲ್ಲಿ ಚುಕ್ಕಿಗಳಾಗಿ ಇಟ್ಟು ಗೆರೆ ಎಳೆಯುತ್ತಿದ್ದ. ನಾನು ಕನ್ನಡಕ ಸರಿಮಾಡಿಕೊಂಡು ನೋಡಿದೆ. ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ನಾನು ಬರೆದು ಒರೆಸಿದ ಹುಕ್‌ನ ನಿಯಮದ ಗೆರೆ ಅದು. ತಲೆಗೆ ಹತ್ತುವುದಿಲ್ಲವೆಂದು ನಾನು ತೀರ್ಪು ಕೊಟ್ಟಿದ್ದ ಗೆರೆ. ನಾನು ಆ ಪಾಠವನ್ನು ಅಷ್ಟು ವರ್ಷ ಮಾಡಿದರೂ ಅದು ಎಲ್ಲಿ ಬೇಕಾಗುತ್ತದೆ ಎಂದು ಒಂದು ದಿನವೂ ಹೇಳಿರಲಿಲ್ಲ. ಹೇಳಲು ನನಗೇ ತಿಳಿದಿರಲಿಲ್ಲ.

"ಅವತ್ತು ನಿಮ್ಮಪ್ಪನ ಎದುರಿಗೆ ನಾನು ಹಾಗೆ ಅನ್ನಬಾರದಿತ್ತು" ಎಂದೆ. ಆತ ತಲೆಯೆತ್ತದೆ, "ಗ್ಯಾರೇಜಿಗೆ ಕಳಿಸಿದ್ದು ಒಳ್ಳೇದೇ ಆಯ್ತು ಮೇಷ್ಟ್ರೇ. ತಲೆಗೆ ಹತ್ತಲ್ಲ ಅಂದಿದ್ದು ಮಾತ್ರ ಬಹಳ ದಿನ ನೋಯ್ತು" ಎಂದ. ಮತ್ತೆ ಮುಂದಿನ ಸ್ಪ್ರಿಂಗನ್ನು ಎತ್ತಿಕೊಂಡ. ಅವನು ಭಾನುವಾರ ನನ್ನ ಬಾಯಿಂದ ಕೇಳಬಯಸಿದ್ದು ಏನನ್ನು ಎಂದು ನನಗೆ ಆಗ ತಿಳಿಯಿತು.

ಅಲ್ಲಿಂದ ಮನೆಗೆ ನಡೆದು ಬರುವಾಗ ಮೈಸೂರಿನ ಹಳೆಯ ಜಾವಾ, ಯೆಜ್ದಿ ಬೈಕುಗಳು ನೆನಪಾದವು. 1960ರ ದಶಕದಿಂದ 1996ರವರೆಗೆ ನಮ್ಮೂರಿನ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಆ ಟೂ ಸ್ಟ್ರೋಕ್ ಎಂಜಿನ್ನುಗಳಲ್ಲಿ ಇಂಥ ವಾಲ್ವೂ ಇರಲಿಲ್ಲ, ಕ್ಯಾಮೂ ಇರಲಿಲ್ಲ. ಸಿಲಿಂಡರಿನ ಗೋಡೆಯ ಕಿಂಡಿಗಳನ್ನು ಪಿಸ್ಟನ್ನೇ ತೆರೆದು ಮುಚ್ಚುತ್ತಿತ್ತು. ಈಗ ರಸ್ತೆಗೆ ಬರುತ್ತಿರುವ ವಿದ್ಯುತ್ ಕಾರುಗಳಲ್ಲಿಯೂ ವಾಲ್ವಿಲ್ಲ. ಎಂದಾದರೊಂದು ದಿನ ಈ ಸ್ಪ್ರಿಂಗುಗಳ ಕಥೆ ಇತಿಹಾಸ ಮಾತ್ರವಾಗಿ ಉಳಿಯಬಹುದು. ಆದರೆ ಒಂದನ್ನು ಬದಲಿಸುವ ಮುನ್ನ ಅದರ ಭಾರ ಯಾರ ಮೇಲೆ ಬೀಳುತ್ತದೆ ಎಂದು ನೋಡಬೇಕೆಂಬ ಮಾತು ಹಳತಾಗಲಾರದು. ಮಾತನಾಡುವವರೂ ಹಾಗೆಯೇ ನೋಡಬೇಕು, ವಿಶೇಷವಾಗಿ ಮೇಷ್ಟ್ರುಗಳು.

ಮುರಿದ ಸ್ಪ್ರಿಂಗನ್ನು ಅವನು ನನಗೇ ಕೊಟ್ಟಿದ್ದಾನೆ. ನನ್ನ ಬರೆಯುವ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟುಕೊಂಡಿದ್ದೇನೆ. ನಿಮ್ಮಲ್ಲಿ ಯಾರಿಗಾದರೂ ನಾನು ಅಂಥ ಮಾತು ಆಡಿದ್ದರೆ, ಬರೆದು ತಿಳಿಸಿ. ಇನ್ನೂ ಓದಿ ಕಲಿಯುವಷ್ಟು ಕಣ್ಣಿನ ಬೆಳಕಿದೆ.